ಹೊಸೂರು ರಸ್ತೆ ಒಂದೇ, ಆಡಳಿತ ಹಲವು: ಮಹಾನಗರ ಯೋಜನಾ ಸಮಿತಿಯ ಲೆಕ್ಕ

ಮಹಾನಗರ ಯೋಜನಾ ಸಮಿತಿಯ ಪಾಠವನ್ನು ಬೆಂಗಳೂರಿನಿಂದ ತಮಿಳುನಾಡಿನ ಹೊಸೂರಿಗೆ ಹೋಗುವ ಹೊಸೂರು ರಸ್ತೆ ಇಟ್ಟುಕೊಂಡು ಓದಿದರೆ ಬೇಗ ತಲೆಗೆ ಹತ್ತುತ್ತದೆ. ಸಿಲ್ಕ್ ಬೋರ್ಡ್‌ನಿಂದ ಹೊರಟರೆ ಮೊದಲು ಬೆಂಗಳೂರಿನ ಪಾಲಿಕೆ (2025ರಲ್ಲಿ ಒಂದಿದ್ದದ್ದು ಐದಾಯಿತು), ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಟೌನ್‌ಶಿಪ್, ಮುಂದೆ ಹೆಬ್ಬಗೋಡಿ, ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ. ಒಂದೊಂದಕ್ಕೂ ಅದರದೇ ಸ್ಥಳೀಯ ಆಡಳಿತ.

ಇಂಥ ಹಲವು ಊರು ದಾಟುವ ಯಾವ ರಸ್ತೆಯ ಬಗ್ಗೆ ಓದಿದರೂ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ರಸ್ತೆ ಯಾರದು? ಪಕ್ಕದ ಜಾಗದಲ್ಲಿ ಏನು ಕಟ್ಟಬಹುದು ಅಂತ ಹೇಳುವವರು ಯಾರು? ಮೋರಿ, ಬೀದಿದೀಪ, ಕಸ ಯಾರ ಪಾಲು? ಚಂದಾಪುರದಲ್ಲಿ ನಿಂತು ಕೇಳಿ ನೋಡಿ. ಮುಖ್ಯರಸ್ತೆ ರಾಷ್ಟ್ರೀಯ ಹೆದ್ದಾರಿ 44, ಅದು ಹೆದ್ದಾರಿ ಪ್ರಾಧಿಕಾರದ್ದು. ಜಾಗದ ಬಳಕೆ ಆನೇಕಲ್ ಯೋಜನಾ ಪ್ರಾಧಿಕಾರಕ್ಕೆ ಬಿಟ್ಟದ್ದು. ಊರೊಳಗಿನ ಮೋರಿ, ದೀಪ ಅಲ್ಲಿನ ಸ್ಥಳೀಯ ಸಂಸ್ಥೆಯದು. ಬಸ್ಸು ಬಿಎಂಟಿಸಿಯದು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಶುರುವಾದ ಮೆಟ್ರೊ ಹಳದಿ ಮಾರ್ಗ ಮೆಟ್ರೊ ನಿಗಮದ್ದು, ಅಂದರೆ ಬಿಎಂಆರ್‌ಸಿಎಲ್‌ನದು. ಬೊಮ್ಮಸಂದ್ರದಲ್ಲಿ ಮೆಟ್ರೊ ಇಳಿದವರು ಚಂದಾಪುರಕ್ಕೆ ಸುಲಭವಾಗಿ ಹೋಗಬೇಕಾದರೆ ಇವರೆಲ್ಲ ಮೊದಲೇ ಕೂತು ಮಾತಾಡಿರಬೇಕು, ಅಲ್ವಾ?

ಹಾಗೆ ಕೂರುವುದಕ್ಕೆ ಸಂವಿಧಾನವೇ ಕೊಟ್ಟ ಜಾಗ ಮಹಾನಗರ ಯೋಜನಾ ಸಮಿತಿ. 74ನೇ ತಿದ್ದುಪಡಿ, 243ಝಡ್‌ಇ ವಿಧಿ. ಇದರ ಸದಸ್ಯರ ಲೆಕ್ಕವನ್ನು ಮಾತ್ರ ನಿಧಾನವಾಗಿ ಓದಿ. ಕನಿಷ್ಠ ಮೂರನೇ ಎರಡು ಭಾಗ ಸದಸ್ಯರನ್ನು ನಗರ ಸಂಸ್ಥೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿನಿಂದಲೇ ಆರಿಸಬೇಕು. ಸಮಿತಿಯಲ್ಲಿ 30 ಜನ ಅಂದುಕೊಳ್ಳಿ. ಆಗ ಕನಿಷ್ಠ 20 ಸ್ಥಾನ ಇವರಿಗೆ. ನಗರ ಮತ್ತು ಪಂಚಾಯಿತಿಗಳ ಜನಸಂಖ್ಯೆ 4:1 ಇದ್ದರೆ ನಗರಕ್ಕೆ 16, ಪಂಚಾಯಿತಿಗೆ 4. ಲೆಕ್ಕ ಇಲ್ಲಿಗೆ ಮುಗಿಯಿತು ಅನ್ನಿಸುತ್ತದೆ, ಮುಗಿದಿಲ್ಲ. ಆ 16 ಸ್ಥಾನಕ್ಕೆ ಬೆಂಗಳೂರಿನ ಕಾರ್ಪೊರೇಟರ್‌ಗಳೂ ಅತ್ತಿಬೆಲೆಯ ಪುರಸಭಾ ಸದಸ್ಯರೂ ಒಂದೇ ಗುಂಪು. ಅನುಪಾತ ಇರುವುದು ನಗರ ಮತ್ತು ಪಂಚಾಯಿತಿಗಳ ನಡುವೆ. ಒಂದೊಂದು ಊರಿಗೆ ಇಷ್ಟು ಸ್ಥಾನ ಅಂತ ಆ ವಿಧಿ ಹೇಳುವುದಿಲ್ಲ. ಜನ ಜಾಸ್ತಿ ಇರುವ ಬೆಂಗಳೂರಿನ ಎದುರು ಸಣ್ಣ ಪಟ್ಟಣದ ಮಾತು ನಡೆಯಬೇಕಾದರೆ ರಾಜ್ಯದ ನಿಯಮದಲ್ಲೇ ಅದಕ್ಕೆ ಜಾಗ ಇಡಬೇಕು. ಇನ್ನೊಂದು ವಿಷಯ: ಬೆಂಗಳೂರು ಪಾಲಿಕೆಯ ಕೊನೆಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಕಾರ್ಪೊರೇಟರ್‌ಗಳೇ ಇಲ್ಲದಿದ್ದರೆ ತಮ್ಮೊಳಗಿನಿಂದ ಆರಿಸುವವರು ಯಾರು?

ಸಮಿತಿ ಮಾಡುವುದು ಕರಡು ಯೋಜನೆ. ಅದು ಹೋಗುವುದು ರಾಜ್ಯ ಸರ್ಕಾರಕ್ಕೆ. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ (ಬಿಎಂಎಲ್‌ಟಿಎ) ಈ ಸಮಿತಿಯಲ್ಲ, ಬೇರೆ, ಅದು 2022ರ ರಾಜ್ಯ ಕಾಯ್ದೆಯಿಂದ ಬಂದದ್ದು, ಸಾರಿಗೆಗೆ ಸೀಮಿತ.

ಅತ್ತಿಬೆಲೆ ದಾಟಿದರೆ ತಮಿಳುನಾಡು. ಮಹಾನಗರ ಪ್ರದೇಶ ಯಾವುದು ಅಂತ ಅಧಿಸೂಚನೆ ಹೊರಡಿಸುವುದು ಆಯಾ ರಾಜ್ಯದ ರಾಜ್ಯಪಾಲರು. ಹಾಗಾಗಿ ಈ ಸಮಿತಿಗೆ ಗಡಿಯಾಚೆ ಕೆಲಸವಿಲ್ಲ. ಹೊಸೂರಿನ ಜೊತೆ ಏನೇ ಹೊಂದಿಸಬೇಕಿದ್ದರೂ ಎರಡು ರಾಜ್ಯ ಸರ್ಕಾರಗಳೇ ಮಾತಾಡಬೇಕು.