ಓದುಗರ ಪ್ರಶ್ನೆ: 72 ಡಿಪಿಐ ಫೋಟೊವನ್ನು 300 ಮಾಡಿದರೆ ಏಜೆನ್ಸಿ ಒಪ್ಪುತ್ತದೆಯೇ?

ಪ್ರಶ್ನೆ: ಕ್ರಾಪ್ ಮಾಡಿದ ಹಕ್ಕಿ ಫೋಟೊ 2400×1600 ಇದೆ, 72 ಡಿಪಿಐ. ಫೋಟೊ ಮಾರಿಕೊಡುವ ಸ್ಟಾಕ್ ಏಜೆನ್ಸಿಯವರು ಚಿಕ್ಕದಾಯಿತು ಅಂದರು. 300 ಮಾಡಿ ಮತ್ತೆ ಕಳಿಸಲೇ?

ಬೇಡ. ಈ ಉತ್ತರ ಎಷ್ಟನೇ ಸಲವೋ, ಲೆಕ್ಕ ಇಡುವುದನ್ನು ಬಿಟ್ಟಾಗಿದೆ.

ಶಟರ್‌ಸ್ಟಾಕ್, ಅಡೋಬಿ ಸ್ಟಾಕ್ ಎರಡೂ ಕೇಳುವುದು ಕನಿಷ್ಠ 4 ಮೆಗಾಪಿಕ್ಸೆಲ್. ಅಂದರೆ ಅಗಲ ಗುಣಿಸು ಎತ್ತರ, 40 ಲಕ್ಷ ದಾಟಬೇಕು. ನಿಮ್ಮದು 38.4 ಲಕ್ಷ. ಈ ಲೆಕ್ಕದಲ್ಲಿ ಡಿಪಿಐ, ಅಂದರೆ ಇಂಚಿಗೆಷ್ಟು ಚುಕ್ಕಿ ಎಂಬುದು, ಎಲ್ಲಿ ಬಂತು?

ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವಾಗ ಚುಕ್ಕಿಗಳನ್ನು ಒತ್ತೊತ್ತಾಗಿಯೂ ಇಡಬಹುದು, ದೂರದೂರಕ್ಕೂ ಇಡಬಹುದು. ಚುಕ್ಕಿಗಳ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ. ಡಿಪಿಐ ಹೇಳುವುದು ಆ ಅಂತರವನ್ನು, ಅದೂ ಕಾಗದದ ಮೇಲೆ ಪ್ರಿಂಟ್ ಹಾಕುವಾಗ. ನಿಮ್ಮ ಫೋಟೊ 300ರಲ್ಲಿ 8 ಇಂಚು ಅಗಲ, 72ರಲ್ಲಿ 33 ಇಂಚು ಚಿಲ್ಲರೆ. ಪಿಕ್ಸೆಲ್ ಎರಡರಲ್ಲೂ ಒಂದೇ. ಆ 72 ಕೂಡ 1984ರ ಮ್ಯಾಕಿಂಟೋಷ್ ಪರದೆಯ ಅಳತೆ. ಇವತ್ತಿನ ಫೋಟೊಗೆ ಅದರ ಹಂಗಿಲ್ಲ.

ನಂಬಿಕೆ ಬಾರದಿದ್ದರೆ ಫೋಟೊಶಾಪ್‌ನಲ್ಲಿ ಇಮೇಜ್ ಸೈಜ್ ತೆರೆದು, ರಿಸ್ಯಾಂಪಲ್ (ಪಿಕ್ಸೆಲ್ ಸಂಖ್ಯೆ ಬದಲಿಸುವ ಆಯ್ಕೆ) ಟಿಕ್ ತೆಗೆದು, 300 ಹಾಕಿ ನೋಡಿ. ಪಿಕ್ಸೆಲ್ ಸಂಖ್ಯೆ ಅಲ್ಲಾಡುವುದಿಲ್ಲ. ಟಿಕ್ ತೆಗೆಯಲು ಮರೆತಿರೋ, ಎಡವಟ್ಟು ಅಲ್ಲೇ: ಫೋಟೊ 10000×6667ಕ್ಕೆ ಉಬ್ಬುತ್ತದೆ. ಆರೂವರೆ ಕೋಟಿ ದಾಟಿದ ಆ ಪಿಕ್ಸೆಲ್‌ಗಳಲ್ಲಿ ಪ್ರತಿ ಹದಿನೇಳಕ್ಕೆ ಹದಿನಾರು ಬರೀ ಊಹೆ. ಪರಿಶೀಲಿಸುವವರು ಚಿತ್ರವನ್ನು 100 ಪರ್ಸೆಂಟ್‌ನಲ್ಲಿ ನೋಡುತ್ತಾರೆ. ಗರಿಯ ಎಳೆಗಳೆಲ್ಲ ಅಂಟಿಕೊಂಡು ಒದ್ದೆ ಹತ್ತಿಯಂತೆ ಕಾಣುತ್ತವೆ. ಜಿಂಪ್ ಬಳಸುವವರಿಗೆ: ‘ಪ್ರಿಂಟ್ ಸೈಜ್’ ಬದಲಿಸುವುದು ಡಿಪಿಐ ಮಾತ್ರ, ‘ಸ್ಕೇಲ್ ಇಮೇಜ್’ ಮುಟ್ಟುವುದು ಪಿಕ್ಸೆಲ್.

ನಿಮಗೆ ಬೇಕಾಗಿರುವುದು 2460×1640, ಬರೀ ಎರಡೂವರೆ ಪರ್ಸೆಂಟ್. ಮೊದಲು ಮೂಲ ಫ್ರೇಮ್ ತೆರೆದು ಕ್ರಾಪ್ ಸ್ವಲ್ಪ ಸಡಿಲಿಸಿ. ಅಗಲಕ್ಕೆ 60, ಎತ್ತರಕ್ಕೆ 40 ನಿಜವಾದ ಪಿಕ್ಸೆಲ್ ಅಲ್ಲೇ ಬಿದ್ದಿರುತ್ತವೆ. ಜಾಗವೇ ಇಲ್ಲವೆಂದರೆ ರಾ ಫೈಲ್‌ನಿಂದ (ಕ್ಯಾಮೆರಾದ ಸಂಸ್ಕರಿಸದ ಮೂಲ) ಶುರುಮಾಡಿ: ನಾಯ್ಸ್ (ಚಿತ್ರದ ಮೇಲಿನ ಕಾಳುಕಾಳು) ತೆಗೆಯಿರಿ, ಶಾರ್ಪನ್ ಮಾಡಬೇಡಿ, ರಿಸ್ಯಾಂಪಲ್ ಟಿಕ್ ಇಟ್ಟು ‘ಬೈಕ್ಯೂಬಿಕ್ ಸ್ಮೂದರ್’ ಆರಿಸಿ, ಅಗಲ 2460 ಕೊಡಿ. ಜೆಪೆಗ್ ಒಂದೇ ಸಲ, ಫೋಟೊಶಾಪ್‌ನ ಗರಿಷ್ಠ ಗುಣಮಟ್ಟ 12ರಲ್ಲಿ ಉಳಿಸಿ. ಇಷ್ಟು ಹಿಗ್ಗಿಸಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಎಐ ಸಾಫ್ಟ್‌ವೇರ್ ದುಪ್ಪಟ್ಟು ಮಾಡಿಕೊಡುತ್ತದೆ, ಸರಿ. ಆದರೆ ಹಿನ್ನೆಲೆಯ ಅಂಗಡಿ ಬೋರ್ಡಿನ ಕನ್ನಡ ಯಾವ ಲಿಪಿಯೂ ಅಲ್ಲದ ಗೀಚಾಗಿಬಿಡಬಹುದು. ಹಿಗ್ಗಿಸಿದ ಮೇಲೆ ಮೂಲೆಮೂಲೆ ನೋಡಿ.

ಅಲಾಮಿ ಎಂಬ ಇನ್ನೊಂದು ಏಜೆನ್ಸಿ ಕೇಳುವ ಕನಿಷ್ಠ 17 ಎಂಬಿ ಬಗ್ಗೆಯೂ ಇದೇ ಗೊಂದಲ. ಅದು ಜೆಪೆಗ್ ಫೈಲಿನ ತೂಕವಲ್ಲ, ತೆರೆದಾಗಿನ ಗಾತ್ರ. ಪಿಕ್ಸೆಲ್‌ಗೆ 3 ಬೈಟ್, ಹಾಗಾಗಿ ಸುಮಾರು 60 ಲಕ್ಷ ಪಿಕ್ಸೆಲ್. ಹಿಂದೆ ಇದೇ ಏಜೆನ್ಸಿ 48 ಎಂಬಿ ಕೇಳುತ್ತಿತ್ತು. ಅಂದಿನ ಬಹುತೇಕ ಕ್ಯಾಮೆರಾಗಳಲ್ಲಿ ಅಷ್ಟು ಪಿಕ್ಸೆಲ್ ಇರಲಿಲ್ಲ, ಹಿಗ್ಗಿಸದೆ ವಿಧಿಯಿರಲಿಲ್ಲ. ಕಾರಣ ಹೋದರೂ ಚಟ ಉಳಿದಿದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ: ಕುಗ್ಗಿಸಬಹುದೇ? ಧಾರಾಳವಾಗಿ. 6000×4000 ಫೋಟೊ ತುಸು ಮಬ್ಬಾಗಿದ್ದರೆ, ನಾಯ್ಸ್ ಇದ್ದರೆ, 3000×2000ಕ್ಕೆ ಇಳಿಸಿ. ನಾಲ್ಕು ಪಿಕ್ಸೆಲ್ ಸೇರಿ ಒಂದಾಗುವಾಗ ನಾಯ್ಸ್ ಅರ್ಧದಷ್ಟು ಇಳಿಯುತ್ತದೆ, ಅಂಚುಗಳು ಬಿಗಿಯಾಗುತ್ತವೆ, 60 ಲಕ್ಷ ಉಳಿದೇ ಇರುತ್ತದೆ. ಫೋಕಸ್ ಪೂರ್ತಿ ತಪ್ಪಿದ್ದರೆ ಮಾತ್ರ ಇದೂ ಕೈಹಿಡಿಯದು.