ಬಕೆಟ್ ನೀರಿಗೂ ಆರದ ಮೋಹ

ಫೋರ್ಡ್ ಕಂಪನಿಯ ಹಳೆ ಮಸ್ಟಾಂಗ್ ಕಾರು ನೋಡಲು ಹೋಗುವಾಗ ನನ್ನ ಡಿಕ್ಕಿಯಲ್ಲಿ ಒಂದು ಬಕೆಟ್ ಇರುತ್ತದೆ. ಕಾರು ಮಾರುವವರ ಮನೆಯಲ್ಲೇ ನೀರು ಕೇಳಿ ತುಂಬಿಸಿಕೊಳ್ಳುತ್ತೇನೆ. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ ಮುಗಿಯುವ ಕಡೆ, ಗಾಳಿ ಒಳಗೆ ಹೋಗಲೆಂದು ಸೀಳು ಬಿಟ್ಟ ತಗಡಿದೆ. ಅದಕ್ಕೆ ಕೌಲ್ ಅಂತಾರೆ. ಅಲ್ಲಿ ನಿಧಾನಕ್ಕೆ ನೀರು ಸುರಿದು, ಒಳಗೆ ಹೋಗಿ ಅಂಗಾತ ಮಲಗಿ, ಡ್ಯಾಶ್‌ಬೋರ್ಡ್ ಅಡಿಗೆ ಟಾರ್ಚ್ ಬಿಟ್ಟು ಕಾಯುತ್ತೇನೆ. ಕಾರು ಗಟ್ಟಿಯಾಗಿದ್ದರೆ ನೀರು ಎರಡೂ ಬದಿಯ ಮಡ್‌ಗಾರ್ಡ್ ಹಿಂದಿನಿಂದ ಇಳಿದು ನೆಲ ಸೇರುತ್ತದೆ. ಇಲ್ಲದಿದ್ದರೆ ನನ್ನ ಮುಖಕ್ಕೇ ಬೀಳುತ್ತದೆ.

ಜಾಸ್ತಿ ಸಲ ಬೀಳುವುದು ಮುಖಕ್ಕೇ. ಅರವತ್ತು ವರ್ಷದ ಎಲೆ, ಕಸ, ಕೆಸರು ಆ ಸೀಳಿನಿಂದ ಇಳಿದು ಒಳಗೆ ಕೂತಿರುತ್ತದೆ. ಅದು ತೇವ ಹಿಡಿದು ತಗಡನ್ನು ತಿನ್ನುತ್ತದೆ. ಮಸ್ಟಾಂಗ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ನೀರು ಇಳಿದು ನೆಲದ ತಗಡು ಹೋದರೆ ಕಾರಿನ ಬೆನ್ನೇ ಹೋದ ಹಾಗೆ. ಸರಿ ಮಾಡಬೇಕೆಂದರೆ ಮಡ್‌ಗಾರ್ಡ್ ಬಿಚ್ಚಿ, ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ, ಮೇಲಿನ ತಗಡನ್ನು ಎಬ್ಬಿಸಬೇಕು. ತಗಡು ಅಗ್ಗ. ಕೂಲಿ ಅಗ್ಗ ಅಲ್ಲ.

ಅಮೆರಿಕದ ಮಿಷಿಗನ್‌ನಲ್ಲಿ ಹಳೆ ಅಮೆರಿಕನ್ ಕಾರು ಕೊಳ್ಳುವವರ ಪರವಾಗಿ ಹೀಗೆ ತಪಾಸಣೆ ಮಾಡಿ ವರದಿ ಬರೆದುಕೊಡುವುದು ನನ್ನ ಕಸುಬು. ಕೈ ಪಳಗಿದ್ದು ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ, ಅಂಬಾಸಿಡರ್ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತ. ಮದುವೆಗೆ ಮುಂಚೆ ಹುಡುಗನ ಊರಿಗೆ ಹೋಗಿ ವಿಚಾರಿಸಿಕೊಂಡು ಬರುವ ಸೋದರಮಾವನ ಕೆಲಸ ಅಂದುಕೊಳ್ಳಿ. ಸೋದರಮಾವ ಬೇಡ ಅಂದರೆ ಸಂಬಂಧ ಮುರಿಯುತ್ತದೆ. ನಾನು ಬೇಡ ಅಂದ ಮೇಲೂ ಜನ ಕೊಳ್ಳುತ್ತಾರೆ. ಯಾಕೆ ಅನ್ನುವುದು ನನಗೆ ಅರ್ಥವಾಗಲು ತುಂಬಾ ವರ್ಷ ಬೇಕಾಯಿತು.

ಆಗಸ್ಟ್ ತಿಂಗಳ ಮೂರನೇ ಶನಿವಾರ ಡೆಟ್ರಾಯಿಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆ ಕಾರುಗಳ ಜಾತ್ರೆ ನಡೆಯುತ್ತದೆ. 1995ರಲ್ಲಿ, ಫರ್ನ್‌ಡೇಲ್ ಊರಿನ ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ದುಡ್ಡು ಕೂಡಿಸಲು ಶುರುವಾದದ್ದು. ಈಗ ಜನ ರಸ್ತೆ ಬದಿಗೆ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಕೂರುತ್ತಾರೆ. ಆ ದಿನ ಆ ರಸ್ತೆಯ ವಾಸನೆಯೇ ಬೇರೆ. ಅಮೆರಿಕದ ಕಾರುಗಳಿಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದದ್ದು 1975ರ ಮಾಡೆಲ್‌ಗಳಿಂದ. ಅದಕ್ಕೂ ಹಿಂದಿನ ಕಾರುಗಳು ಅರೆಬರೆ ಉರಿದ ಪೆಟ್ರೋಲನ್ನು ಹಾಗೇ ಹೊರಗೆ ಬಿಡುತ್ತವೆ. ಆರೋಗ್ಯಕ್ಕೆ ಕೆಟ್ಟದ್ದು, ಆದರೆ ಆ ವಾಸನೆ ಮೂಗಿಗೆ ಬಿದ್ದವರು ಸೋಮವಾರ ಬೆಳಗ್ಗೆ ನನಗೆ ಫೋನ್ ಮಾಡುತ್ತಾರೆ.

ಸೋಮವಾರದ ಫೋನ್‌ಗಳನ್ನು ನಾನು ಅಷ್ಟು ನಂಬುವುದಿಲ್ಲ. ಅದು ಕಣ್ಣು, ಮೂಗಿನ ಪ್ರೀತಿ. 1959ರ ಕ್ಯಾಡಿಲಾಕ್ ಬೇಕು ಅಂತಾರೆ, ಆ ಬಾಲದ ರೆಕ್ಕೆ ನೋಡಿ. ಜನರಲ್ ಮೋಟರ್ಸ್‌ನ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಕಾಲದಲ್ಲಿ, ಯುದ್ಧದ ಪಿ-38 ವಿಮಾನದ ಬಾಲ ನೋಡಿ 1948ರ ಕ್ಯಾಡಿಲಾಕ್‌ಗೆ ಸಣ್ಣ ರೆಕ್ಕೆ ಮೂಡಿತು. ಹನ್ನೊಂದು ವರ್ಷದಲ್ಲಿ ಅದು ಆಕಾಶಕ್ಕೇರಿತು. ಚೆಂದವೇ, ಇಲ್ಲ ಅನ್ನಲ್ಲ. ನಾನು ಕೇಳುವ ಮೊದಲ ಪ್ರಶ್ನೆ, ‘ಗ್ಯಾರೇಜ್ ಅಳತೆ ತಗೊಂಡಿದ್ದೀರಾ?’ ಕಾರಿನ ಉದ್ದ ಹದಿನೆಂಟು ಮುಕ್ಕಾಲು ಅಡಿ. ಅರ್ಧ ಜನರ ಪ್ರೀತಿ ಆ ಟೇಪಿನ ಮುಂದೆಯೇ ಮುಗಿಯುತ್ತದೆ.

ಇನ್ನೊಂದು ಜಾತಿಯವರಿದ್ದಾರೆ. ಅವರನ್ನು ನಾನು ಟಾರ್ಚ್ ಹಿಡಿದವರು ಅಂತ ಕರೆಯುತ್ತೇನೆ.

ಹೋದ ವರ್ಷ ಬಂದ ಗಿರಾಕಿಯೊಬ್ಬರು ಹಾಸನದ ಕಡೆಯವರು, ಸಾಫ್ಟ್‌ವೇರ್ ಕೆಲಸ. ಮಸ್ಟಾಂಗ್ ಯಾಕೆ ಅಂತ ಕೇಳಿದೆ. ಅವರ ಎದುರು ಮನೆಯ ಮುದುಕ ಪ್ರತಿ ಭಾನುವಾರ ಗ್ಯಾರೇಜ್ ಬಾಗಿಲು ಎತ್ತಿ, ತನ್ನ ಮಸ್ಟಾಂಗ್‌ನ ಬಾನೆಟ್ ತೆರೆದು ನಿಲ್ಲುತ್ತಿದ್ದರಂತೆ. ಒಂದು ದಿನ ಕೈ ಬೀಸಿ ಕರೆದು, ‘ಇದನ್ನ ಸ್ವಲ್ಪ ಹಿಡಿ’ ಅಂತ ಟಾರ್ಚ್ ಕೊಟ್ಟರು. ಇವರು ಹಿಡಿದರು. ಮುದುಕ ಎಂಜಿನ್ನಿನ ಕಿಡಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ಸ್ ಸರಿ ಮಾಡುತ್ತಿದ್ದರು. ಎರಡು ಪುಟ್ಟ ಲೋಹದ ತುಟಿಗಳು. ನಡುವೆ ಹದಿನೇಳು ಥೌ ಸಂದು, ಅಂದರೆ ಒಂದು ಇಂಚಿನ ಸಾವಿರದಲ್ಲಿ ಹದಿನೇಳು ಪಾಲು. ಸಂದು ಅಳೆಯುವ ಫೀಲರ್ ಗೇಜ್ ಕೈಗೆ ಸಿಗದಿದ್ದರೆ ಇಲ್ಲಿನ ಹಳೆ ಮೆಕ್ಯಾನಿಕ್‌ಗಳು ಬೆಂಕಿಕಡ್ಡಿ ಇಡುವ ಮ್ಯಾಚ್‌ಬುಕ್ಕಿನ ರಟ್ಟನ್ನೇ ಸಿಗಿಸಿ ಅಳೆಯುತ್ತಿದ್ದರು. ಸ್ಕ್ರೂ ಬಿಗಿ ಮಾಡಿ ಕೀ ತಿರುಗಿಸಿದರೆ, ಅಲ್ಲಿವರೆಗೆ ಕೆಮ್ಮುತ್ತಿದ್ದ ಎಂಜಿನ್ ಒಂದೇ ಸಮ ಓಡಿತು. ‘ಅಷ್ಟೇ ಸಾರ್, ನನ್ನ ಕಥೆ ಮುಗೀತು’ ಅಂದರು.

ನನಗೆ ತಕ್ಷಣ ಅರ್ಥವಾಯಿತು. ಇವತ್ತಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ಆರು ಸಿಲಿಂಡರಿನ ಮಸ್ಟಾಂಗ್‌ನಲ್ಲಿ ಎಂಜಿನ್ ಪಕ್ಕದಿಂದ ನೆಲ ಕಾಣುತ್ತದೆ, ಕೈ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅದು ಅಪರೂಪದ ಯಂತ್ರವೂ ಅಲ್ಲ. 1964ರ ಏಪ್ರಿಲ್ 17ರಂದು ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಫೋರ್ಡ್ ಅದನ್ನು ತೋರಿಸಿದಾಗ ಆರಂಭದ ಬೆಲೆ 2,368 ಡಾಲರ್. ಅಡಿಯಲ್ಲಿದ್ದದ್ದು ಬಹುಪಾಲು ಫಾಲ್ಕನ್ ಅನ್ನುವ ಸಾಧಾರಣ ಮನೆವಾರ್ತೆ ಕಾರಿನ ಸಾಮಾನು. ಮೊದಲ ವರ್ಷವೇ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 1966ರ ಮಾಡೆಲ್ ಒಂದೇ ಆರು ಲಕ್ಷ ದಾಟಿತು. ಅಷ್ಟು ಕಾರುಗಳು ಇದ್ದದ್ದರಿಂದಲೇ ಇವತ್ತಿಗೂ ಬಾಗಿಲ ರಬ್ಬರಿನಿಂದ ಹಿಡಿದು ಎಲ್ಲ ಸಾಮಾನೂ ಕ್ಯಾಟಲಾಗ್ ನೋಡಿ ತರಿಸಬಹುದು. ಡೈನಾಕಾರ್ನ್ ಅನ್ನುವ ಕಂಪನಿ ಕೆಲವು ಮಾಡೆಲ್‌ಗೆ ಪೂರ್ತಿ ಹೊಸ ಬಾಡಿಯನ್ನೇ ಮಾಡಿ ಮಾರುತ್ತದೆ. ಕೆಟ್ಟರೆ ಸರಿ ಮಾಡಬಹುದು ಅನ್ನುವ ಧೈರ್ಯ ಇಲ್ಲದೆ ಹಳೆ ಕಾರಿನ ಮೇಲಿನ ಪ್ರೀತಿ ಎರಡನೇ ಚಳಿಗಾಲ ದಾಟುವುದಿಲ್ಲ.

ಹಾಸನದವರು ಇಷ್ಟಪಟ್ಟದ್ದು 1966ರ ಕೆಂಪು ಕೂಪೆ, ಅಂದರೆ ಎರಡು ಬಾಗಿಲಿನ ಮಸ್ಟಾಂಗ್. ಮಾರುವವರು ಎಂಟು ಸಿಲಿಂಡರಿನ ವಿ8 ಅಂದಿದ್ದರು. ನಾನು ಬಾನೆಟ್ ಎತ್ತುವ ಮೊದಲು ಚಕ್ರದ ಹತ್ತಿರ ಕೂರುತ್ತೇನೆ. ಆರು ಸಿಲಿಂಡರಿನ ಮಸ್ಟಾಂಗ್‌ಗೆ ಚಕ್ರಕ್ಕೆ ನಾಲ್ಕು ನಟ್ಟು, ವಿ8ಗೆ ಐದು. ಎಂಜಿನ್ ಬದಲಿಸಿದವರು ಎಷ್ಟೋ ಸಲ ಆಕ್ಸಲ್, ಬ್ರೇಕ್ ಬದಲಿಸಿರುವುದಿಲ್ಲ. ಹೆಚ್ಚಿನ ಶಕ್ತಿ, ಹಳೆ ಸಣ್ಣ ಬ್ರೇಕ್. ಇಲ್ಲಿ ಐದೇ ಇತ್ತು. ಬಾನೆಟ್ ಒಳಗೆ ತಗಡಿಗೆ ಒತ್ತಿದ ಕಾರಿನ ನಂಬರ್‌ನಲ್ಲೂ ಐದನೇ ಜಾಗದಲ್ಲಿ ಸಿ ಅಕ್ಷರ, ಅಂದರೆ ಕಾರ್ಖಾನೆಯಿಂದಲೇ ಬಂದ 289 ಕ್ಯೂಬಿಕ್ ಇಂಚಿನ ವಿ8 ಎಂಜಿನ್. ಅಲ್ಲಿಗೆ ಒಳ್ಳೆ ಸುದ್ದಿ ಮುಗಿಯಿತು. ಅಯಸ್ಕಾಂತ ಹಿಂದಿನ ಚಕ್ರದ ಮೇಲ್ಭಾಗದ ಬಾಡಿಗೆ ಅಂಟಲಿಲ್ಲ, ಅಡಿಯಲ್ಲಿ ಬರೀ ಪುಟ್ಟಿ. ನಾಲ್ಕೂ ಡ್ರಮ್ ಬ್ರೇಕ್, ಬ್ರೇಕ್ ಎಣ್ಣೆ ದೂಡುವ ಮಾಸ್ಟರ್ ಸಿಲಿಂಡರಿಗೆ ಒಂದೇ ಅರೆ. ಎಲ್ಲೋ ಒಂದು ಕಡೆ ಸೋರಿದರೂ ಪೆಡಲ್ ನೆಲಕ್ಕೆ. 1967ರಿಂದ ಎರಡು ಅರೆಯದ್ದು ಬಂತು. ಹಳೆಯದನ್ನು ಬದಲಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೂಲ ರೂಪ ಕೆಡುತ್ತೆ ಅಂತ ವಾದ ಮಾಡುವವರ ಜೊತೆ ನಾನು ಕಾರಿನಲ್ಲಿ ಕೂರುವುದಿಲ್ಲ. ಕೊನೆಗೆ ಬಕೆಟ್. ನನ್ನ ಅಂಗಿ ಒದ್ದೆ.

ಮೂವತ್ತೊಂದು ದೋಷ ಬರೆದು, ಬೇಡ ಅಂತ ಕೊನೆಯ ಸಾಲು ಹಾಕಿ ಕಳಿಸಿದೆ. ಒಂದು ಗಂಟೆಯಲ್ಲಿ ಫೋನ್ ಬಂತು.

‘ಸಾರ್, ಬಾಗಿಲ ಪ್ಲೇಟಿನಲ್ಲಿ ಬಣ್ಣದ ಕೋಡ್ ಏನಿದೆ?’

ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ತುಕ್ಕಿನ ಬಗ್ಗೆ ಕೇಳದೆ ಬಣ್ಣದ ಬಗ್ಗೆ ಕೇಳುವವರು ಆಗಲೇ ಕೊಂಡಾಗಿರುತ್ತದೆ. ಡ್ರೈವರ್ ಬಾಗಿಲಿನ ಅಂಚಿನಲ್ಲಿ ರಿವೆಟ್ ಹೊಡೆದ ಆ ಪ್ಲೇಟು ಕಾರಿನ ಜಾತಕ. 65ಎ ಅಂದರೆ ಸಾದಾ ಸೀಟಿನ, ಗಟ್ಟಿ ಛಾವಣಿಯ ಹಾರ್ಡ್‌ಟಾಪ್. 12ಸಿ ಅಂದರೆ ಮಾರ್ಚ್ 12ಕ್ಕೆ ಗೊತ್ತು ಮಾಡಿದ ತಯಾರಿ. ಕೊನೆಯ 6 ಅಂದರೆ ಆಟೊಮ್ಯಾಟಿಕ್ ಗೇರ್. ಬಣ್ಣದ ಜಾಗದಲ್ಲಿ ಎಂ ಅಕ್ಷರವಿತ್ತು, ವಿಂಬಲ್ಡನ್ ವೈಟ್. ಕೆಂಪು ಕಾರು ಹುಟ್ಟಿದ್ದು ಬೆಳ್ಳಗೆ. ಲಕ್ಷಗಟ್ಟಲೆ ಒಂದೇ ಥರದ ಕಾರುಗಳ ಮಧ್ಯೆ, ಯಾರೋ ಒಬ್ಬರು ಡೀಲರ್ ಮುಂದೆ ಕೂತು ಈ ಬಣ್ಣ, ಈ ಸೀಟು, ಈ ಗೇರ್ ಅಂತ ಆರಿಸಿದ್ದರು. ಅವರು ಯಾರು ಅನ್ನುವ ಕುತೂಹಲ ಶುರುವಾದರೆ ಬಿಡಿಸಿಕೊಳ್ಳುವುದು ಕಷ್ಟ.

ಅಂಥ ಮೊದಲ ಒಡೆಯರಲ್ಲಿ ಒಬ್ಬರು, ಚಿಕಾಗೊದ ಒಬ್ಬ ಶಾಲಾ ಟೀಚರ್, ಮಸ್ಟಾಂಗ್ ಅನಾವರಣಕ್ಕೆ ಎರಡು ದಿನ ಮೊದಲೇ, 1964ರ ಏಪ್ರಿಲ್ 15ಕ್ಕೆ, ಡೀಲರ್ ಅಂಗಡಿಯ ಹಿಂದೆ ಮುಚ್ಚಿಟ್ಟಿದ್ದ ತಿಳಿನೀಲಿ ಕಾರು ಕೊಂಡರು. 1979ರಲ್ಲಿ ಅದು ಕೆಟ್ಟು ಗ್ಯಾರೇಜ್ ಸೇರಿತು. ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಹಾಗೇ ನಿಂತಿತ್ತು. ಗಂಡ ಆಮೇಲೆ ಅದನ್ನು ಎಬ್ಬಿಸಿ ಓಡಿಸಿದರು. ಓಡದ ಕಾರನ್ನು ಅಷ್ಟು ವರ್ಷ ಯಾಕೆ ಇಟ್ಟುಕೊಂಡರು? ಈ ಕಸುಬಿನಲ್ಲಿ ಇರುವವರಿಗೆ ಅದು ಆಶ್ಚರ್ಯವೇ ಅಲ್ಲ. ಅಂಥ ಗ್ಯಾರೇಜುಗಳನ್ನು ನಾವು ವಾರಕ್ಕೊಂದು ನೋಡುತ್ತೇವೆ.

ಹಾಸನದವರು ಕಾರು ಕೊಂಡರು, ಬೆಲೆ ಇಳಿಸಿಯೇ. ಬ್ರೇಕ್ ಮಾತ್ರ ನನ್ನ ಮಾತು ಕೇಳಿ ಬದಲಿಸಿದರು. ಜನವರಿಯಲ್ಲಿ ಇಲ್ಲಿ ರಸ್ತೆಗೆಲ್ಲ ಉಪ್ಪು ಹಾಕುತ್ತಾರೆ, ಹಳೆ ಕಾರು ಹೊರಗೆ ತೆಗೆಯುವ ಹಾಗಿಲ್ಲ. ಒಂದು ರಾತ್ರಿ ಹತ್ತೂವರೆಗೆ ಫೋನ್.

‘ಸಾರ್, ಬಿಳಿ ಸಿಕ್ತು!’

ಬಾಗಿಲ ಹೊಸಿಲಿನ ಮೇಲಿನ ಅಲ್ಯೂಮಿನಿಯಂ ಪಟ್ಟಿ ಬಿಚ್ಚಿದ್ದರಂತೆ. ಅದರಡಿಯಲ್ಲಿ, ಕೆಂಪು ಬಣ್ಣ ಹೊಡೆದವರ ಕೈ ಮುಟ್ಟದ ಬೆರಳಗಲದ ಜಾಗದಲ್ಲಿ, ಕಾರ್ಖಾನೆಯ ಬಿಳಿ ಹಾಗೇ ಇತ್ತು. ಹೆಂಡತಿಯನ್ನೂ ಎಬ್ಬಿಸಿ ತೋರಿಸಿದರಂತೆ. ಅವರು ನೋಡಿ, ಹೂಂ ಅಂದು, ಹೋಗಿ ಮಲಗಿದರಂತೆ.

ಕೌಲ್ ಕೆಲಸ ಯಾವಾಗ ಅಂತ ಕೇಳಿದೆ.

‘ಬೇಸಿಗೆಗೆ ನೋಡೋಣ ಸಾರ್. ಅಲ್ಲಿವರೆಗೆ ಮಳೆ ಬಂದ್ರೆ ಹೊರಗೆ ತೆಗೆಯಲ್ಲ.’