ಮಾಚು ಪಿಚ್ಚು: ನೆಲದಡಿಯ ಕಟ್ಟಡ

ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದಲ್ಲಿರುವ ಮಾಚು ಪಿಚ್ಚು ಎಂಬ ಹಳೆಯ ಕಲ್ಲಿನ ಊರಿನ ಬಗ್ಗೆ ಓದುವಾಗ ನಾವು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಗೋಡೆಗಳಲ್ಲೇ ನಿಂತುಬಿಡುತ್ತೇವೆ. ಗಾರೆಯಿಲ್ಲದೆ, ನಡುವೆ ಸಂದೇ ಕಾಣದಂತೆ ಜೋಡಿಸಿದ ಗ್ರಾನೈಟ್ ಕಲ್ಲುಗಳ ಸೊಗಸು ಅಂಥದ್ದು. ಆದರೆ 15ನೆಯ ಶತಮಾನದ ನಡುಭಾಗದಲ್ಲಿ, ಆಂಡಿಸ್ ಸೀಮೆಯನ್ನು ಆಳಿದ ಇಂಕಾ ಸಾಮ್ರಾಜ್ಯದ ದೊರೆ ಪಚಾಕುಟಿಯ ಕಾಲದಲ್ಲಿ ಕಟ್ಟಲಾಯಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಈ ನೆಲೆಯು, ವರ್ಷಕ್ಕೆ ಸುಮಾರು 2,000 ಮಿಲಿಮೀಟರ್ ಮಳೆ ಸುರಿಯುವ ಕಡಿದಾದ ಇಳಿಜಾರಿನಲ್ಲಿ ಇಂದಿಗೂ ಉಳಿದಿರುವುದಕ್ಕೆ ಮುಖ್ಯ ಕಾರಣ ನೆಲದ ಒಳಗಿದೆ.

ಅಲ್ಲಿನ ಮೆಟ್ಟಿಲು ಹೊಲವೊಂದನ್ನು ಅಡ್ಡಲಾಗಿ ಸೀಳಿದರೆ ಮೇಲ್ಗಡೆ ಫಲವತ್ತಾದ ಮಣ್ಣು, ಅದರಡಿ ಮರಳು ಮತ್ತು ಜಲ್ಲಿ, ತೀರ ತಳದಲ್ಲಿ ದಪ್ಪ ಕಲ್ಲುಗಳು ಕಾಣಸಿಗುತ್ತವೆ. ಮಳೆನೀರು ಈ ಪದರಗಳ ಮೂಲಕ ನಿಧಾನವಾಗಿ ಬಸಿದು ಹೋಗುತ್ತದೆ. ಹಾಗೆ ಹೋಗದೆ ಮಣ್ಣಿನಲ್ಲೇ ನಿಂತಿದ್ದರೆ, ನೆನೆದು ಭಾರವಾದ ಮಣ್ಣು ತಡೆಗೋಡೆಯನ್ನು ಹೊರಕ್ಕೆ ತಳ್ಳಿ ಕೆಡವುತ್ತಿತ್ತು. ಕಲ್ಲು ಕೆತ್ತುವಾಗ ಉದುರಿದ ಚಕ್ಕೆಗಳನ್ನು ಸಹ ಎಸೆಯದೆ ನಡುವಣ ಬಯಲಿನ ಅಡಿಯಲ್ಲಿ ನೀರು ಇಂಗುವ ಪದರವಾಗಿ ಹಾಸಿದ್ದಾರೆ. ನನ್ನ ದೃಷ್ಟಿಯಲ್ಲಿ ಇಂಕಾ ಕುಶಲತೆಯ ಅತ್ಯುತ್ತಮ ಸಾಕ್ಷಿ ಈ ಚಕ್ಕೆಗಳೇ. ಕುಡಿಯುವ ನೀರಿನ ಏರ್ಪಾಡು ಬೇರೆಯೇ ಇತ್ತು: ಬೆಟ್ಟದ ಬುಗ್ಗೆಯಿಂದ ಸುಮಾರು 750 ಮೀಟರ್ ಉದ್ದದ ಕಲ್ಲಿನ ಕಾಲುವೆಯಲ್ಲಿ ಬಂದ ನೀರು ಒಂದರ ಕೆಳಗೊಂದಾಗಿ 16 ಕಲ್ಲುದೊಣೆಗಳಿಗೆ ಸಣ್ಣ ಧಾರೆಯಾಗಿ ಬೀಳುತ್ತಿತ್ತು.

1911ರಲ್ಲಿ ಅಮೆರಿಕದ ಅನ್ವೇಷಕ ಹೈರಮ್ ಬಿಂಗ್‌ಹ್ಯಾಮ್ ಈ ಸ್ಥಳವನ್ನು 'ಕಂಡುಹಿಡಿದ' ಎಂದು ಬರೆಯಬೇಡಿ. ಆಗಲೇ ಅಲ್ಲಿ ರೈತ ಕುಟುಂಬಗಳು ಆ ಹಳೆಯ ಹೊಲಗಳಲ್ಲೇ ಬೇಸಾಯ ಮಾಡುತ್ತಿದ್ದವು. ಆತ ಹೊರಜಗತ್ತಿಗೆ ಅದನ್ನು ಪರಿಚಯಿಸಿದ.

ಪೆರು ಸರ್ಕಾರವು 1981ರಲ್ಲಿ ನೆಲೆಯನ್ನಷ್ಟೇ ಅಲ್ಲದೆ ಸುತ್ತಲಿನ ಕಾಡು-ಕಣಿವೆಗಳನ್ನೂ ಸೇರಿಸಿ 32,592 ಹೆಕ್ಟೇರ್ ಪ್ರದೇಶವನ್ನು ಐತಿಹಾಸಿಕ ಅಭಯಧಾಮವೆಂದು ಘೋಷಿಸಿತು. 1983ರಲ್ಲಿ ಯುನೆಸ್ಕೋ ಅದನ್ನು ಸಂಸ್ಕೃತಿ ಮತ್ತು ನಿಸರ್ಗ ಎರಡರ ನೆಲೆಯಲ್ಲೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟಾದರೂ 2000ದಲ್ಲಿ ಜಾಹೀರಾತೊಂದರ ಚಿತ್ರೀಕರಣದ ವೇಳೆ ಕ್ರೇನ್ ಬಿದ್ದು, ಇಂಟಿಹುವಾಟಾನ ಎಂಬ ಪವಿತ್ರ ಶಿಲೆಯ ಅಂಚು ಮುರಿಯಿತು. ಇಂದು ಪ್ರವಾಸಿಗರು ಗೊತ್ತುಪಡಿಸಿದ ದಾರಿಗಳಲ್ಲೇ ನಡೆಯಬೇಕೆಂಬ ಕಟ್ಟುನಿಟ್ಟಿದೆ. ಈ ನಿಯಮವನ್ನು ಕೇವಲ ಜನಸಂದಣಿಯ ನಿಯಂತ್ರಣವೆಂದು ಓದಿದರೆ ಸಾಲದು: ಎಡೆಬಿಡದ ತುಳಿತಕ್ಕೆ ಮಣ್ಣು ಗಟ್ಟಿಯಾದಷ್ಟೂ ನೀರು ಕೆಳಗಿಳಿಯುವುದು ಕಡಿಮೆಯಾಗುತ್ತದೆ, ಇಳಿಯದ ನೀರು ಮೇಲ್ಮೈಯಲ್ಲೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.